ಹದಿನಾರು ಸುತ್ತು

ನನ್ನ ಪಿಎಚ್‌ಡಿ ಯಾವುದರ ಮೇಲೆ ಎಂದು ಕೇಳುವವರಲ್ಲಿ ಎರಡು ಜಾತಿ. ಕೇಳಿಬಿಟ್ಟು ಉತ್ತರಕ್ಕೆ ಕಾಯದವರು ಒಂದು. ಉತ್ತರ ಕೇಳಿ, ಓಹೋ ಕಂಪ್ಯೂಟರಾ ಎಂದು ತಮ್ಮ ಮನೆಯ ಪ್ರಿಂಟರ್ ಕೆಟ್ಟಿರುವ ವಿಷಯ ತೆಗೆಯುವವರು ಇನ್ನೊಂದು. ಆರು ವರ್ಷಗಳಲ್ಲಿ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಮೂರು ಪ್ರಿಂಟರ್ ಸರಿಮಾಡಿಕೊಟ್ಟಿದ್ದೇನೆ. ನನ್ನ ಸಂಶೋಧನೆಯಿಂದ ಸಮಾಜಕ್ಕೆ ಆದ ಉಪಕಾರ ಅಷ್ಟೇ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

ವಿಷಯ ಹೇಳುತ್ತೇನೆ, ಕಷ್ಟವೇನಿಲ್ಲ. ತೂಗಾಡುವ ವಸ್ತುಗಳು. ಸ್ಪ್ರಿಂಗಿಗೆ ಕಟ್ಟಿದ ಗುಂಡು, ತೊಟ್ಟಿಲು, ಲೋಕಲ್ ಟ್ರೇನಿನ ಹಿಡಿಕೆಗಳು. ಅಂಥವು ನೂರಾರು ಒಂದಕ್ಕೊಂದು ತಗಲಿಕೊಂಡಿದ್ದರೆ ಇನ್ನು ಹತ್ತು ನಿಮಿಷಕ್ಕೆ ಯಾವುದು ಎಲ್ಲಿರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಈ ಲೆಕ್ಕ ಕ್ಷಣಕ್ಷಣವಾಗಿ ಮುಂದೆ ಸಾಗುತ್ತದೆ. ಈ ಕ್ಷಣದ್ದು ಮುಗಿಯದೆ ಮುಂದಿನದ್ದಕ್ಕೆ ಕೈ ಹಾಕುವಂತಿಲ್ಲ. ಹಾಗಾಗಿ ಹದಿನಾರು ಕಂಪ್ಯೂಟರ್ ಕೊಟ್ಟರೂ ಒಂದು ದುಡಿಯುತ್ತದೆ, ಹದಿನೈದು ಸುಮ್ಮನೆ ಕೂತು ಕರೆಂಟು ತಿನ್ನುತ್ತವೆ.

ಅದಕ್ಕೊಂದು ಉಪಾಯವಿದೆ. ಕಾಲವನ್ನೇ ಹದಿನಾರು ತುಂಡು ಮಾಡಿ ಒಂದೊಂದು ಕಂಪ್ಯೂಟರಿಗೆ ಒಂದೊಂದು ತುಂಡು ಹಂಚುವುದು. ತನ್ನ ತುಂಡು ಎಲ್ಲಿಂದ ಶುರುವಾಗುತ್ತದೆ ಎಂದು ಯಾವುದಕ್ಕೂ ಗೊತ್ತಿರುವುದಿಲ್ಲವಲ್ಲ, ಮೊದಲು ಒರಟಾಗಿ ಒಂದು ಅಂದಾಜು ಹೇಳಿಬಿಡುವುದು. ಎಲ್ಲವೂ ಒಟ್ಟಿಗೆ ಲೆಕ್ಕ ಮಾಡುತ್ತವೆ. ಕೊನೆಗೆ ನೋಡಿದರೆ ತುಂಡುಗಳ ಅಂಚು ಕೂಡುವುದಿಲ್ಲ. ತಿದ್ದಿ ಮತ್ತೊಂದು ಸುತ್ತು. ಎರಡು ಮೂರು ಸುತ್ತಿಗೆ ಅಂಚು ಕೂಡಿದರೆ ಗೆದ್ದಂತೆ. ಹದಿನಾರು ತುಂಡಿಗೆ ಹದಿನಾರು ಸುತ್ತೂ ಬೇಕಾದರೆ ನೀರಿನಲ್ಲಿ ಹೋಮ ಮಾಡಿದಂತೆ. ಅಷ್ಟು ಹೊತ್ತಿಗೆ ಒಂದೇ ಕಂಪ್ಯೂಟರ್ ಒಬ್ಬಂಟಿಯಾಗಿ ಮುಗಿಸಿರುತ್ತಿತ್ತು.

ಕಾಫಿ ಆರುವ ಲೆಕ್ಕಕ್ಕೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ. ಮೊದಲ ಅಂದಾಜಿನ ತಪ್ಪು ಕಾಫಿಯ ಜೊತೆಗೇ ಆರಿಹೋಗುತ್ತದೆ. ತೂಗಾಡುವುದರಲ್ಲಿ ಹಾಗಲ್ಲ, ತಪ್ಪೂ ತೂಗಾಡುತ್ತಲೇ ಇರುತ್ತದೆ. ಹೀಗಾಗಿ ಈ ಕ್ಷೇತ್ರದಲ್ಲಿ ಯಾರದ್ದೂ ಬೇಗ ಮುಗಿಯುವುದಿಲ್ಲ. ನಾನು ಕಂಡುಹಿಡಿದ ಹೊಸ ರೀತಿಯಲ್ಲಿ ಮಾತ್ರ ಎರಡೇ ಸುತ್ತಿನಲ್ಲಿ ಮುಗಿಯುತ್ತಿತ್ತು. ನನ್ನ ಪ್ರಬಂಧ ನಿಂತಿದ್ದು ಆ ಎರಡರ ಮೇಲೆ.

ಐರೋಲಿಯ ಆಚೆಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅಲ್ಲೇ ಸಂಶೋಧನೆಗೂ ಹೆಸರು ಕೊಟ್ಟಿದ್ದೆ. ನನ್ನ ನೋಂದಣಿಯ ಅವಧಿ ಒಮ್ಮೆ ಮುಗಿದು, ಕೈಕಾಲು ಹಿಡಿದು ಒಂದು ವರ್ಷ ಮುಂದೂಡಿಸಿಕೊಂಡಾಗಿತ್ತು. ಆ ವರ್ಷದೊಳಗೆ ಪ್ರಬಂಧ ಕೊಡದಿದ್ದರೆ ಆರು ವರ್ಷದ ಕೆಲಸಕ್ಕೆ ಎಳ್ಳುನೀರು. ಪಿಎಚ್‌ಡಿ ಇಲ್ಲದವರ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ನನ್ನ ಮುಖ ನೋಡದೆ, ನನಗೇ ಕೇಳುವ ಹಾಗೆ ಹೇಳಿದ್ದರು.

ಹದಿನಾರು ಕಂಪ್ಯೂಟರ್ ಒಟ್ಟಿಗೆ ಸಿಗುತ್ತಿದ್ದದ್ದು ಭಾನುವಾರ ಮಾತ್ರ, ಎರಡನೇ ವರ್ಷದವರ ಲ್ಯಾಬ್ ಖಾಲಿ ಇರುವಾಗ. ಭಾನುವಾರವೆಂದರೆ ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ರೈಲಿನವರ ಮೆಗಾಬ್ಲಾಕ್ ಕೂಡ. ಡೊಂಬಿವಲಿಯಿಂದ ಠಾಣೆಗೆ ಸ್ಲೋ ಲೋಕಲ್ ಹಿಡಿದು, ಅಲ್ಲಿ ಟ್ರಾನ್ಸ್‌ಹಾರ್ಬರ್ ಲೈನಿನ ಗಾಡಿಗಾಗಿ ಕಾದು, ಬ್ಲಾಕ್ ಇದ್ದ ದಿನ ಬಸ್ಸಿನಲ್ಲಿ ಬೆವರಿ ಹೋಗಿ ಮುಟ್ಟಿದರೆ, ಕ್ಯಾಂಪಸ್ಸಿನ ಎಲೆಕ್ಟ್ರಿಷಿಯನ್ ಮೇಂಟೆನೆನ್ಸ್ ಎಂದು ಹೇಳದೆ ಕೇಳದೆ ಮೇನ್ ಸ್ವಿಚ್ ಇಳಿಸುತ್ತಿದ್ದ. ನಾಲ್ಕು ಗಂಟೆಯ ಲೆಕ್ಕ ಒಂದು ಕ್ಷಣದಲ್ಲಿ ಮಣ್ಣುಪಾಲು. ಎರಡು ಸಲ ಹೀಗಾದ ಮೇಲೆ ಈ ಕೆಲಸದವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಲೆಕ್ಕ ಎಲ್ಲಿಗೆ ಬಂತು ಎಂದು ಆಗಾಗ ಒಂದು ಫೈಲಿನಲ್ಲಿ ಬರೆದಿಡುವುದು, ಮತ್ತೆ ಶುರುಮಾಡುವಾಗ ಹಳೆಯ ಫೈಲ್ ಇದ್ದರೆ ಅಲ್ಲಿಂದಲೇ ಎತ್ತಿಕೊಳ್ಳುವುದು. ಪ್ರೋಗ್ರಾಮಿನಲ್ಲಿ ಒಂದೇ ಸಾಲು. ಅಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ನನ್ನ ಗೈಡ್ ಧಾರವಾಡದ ಕಡೆಯವರು. ಠಾಣೆಯಲ್ಲಿ ಮನೆ ಮಾಡಿ ಮೂವತ್ತು ವರ್ಷವಾಗಿದ್ದರೂ ಮಾತಿನಲ್ಲಿ ಒಂದಿಷ್ಟೂ ಮುಂಬೈ ಹತ್ತಿರಲಿಲ್ಲ. ನಾವು ಉಡುಪಿಯವರು ಎಂದು ಗೊತ್ತಾದಾಗ, ಉಡುಪಿಯವಳಾಗಿ ಇಡ್ಲಿ ಬಿಟ್ಟು ಲೆಕ್ಕಕ್ಕೆ ಯಾಕೆ ಬಂದೆ ಎಂದು ಕಾಲೆಳೆದಿದ್ದರು. ಅಪ್ಪ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು, ಈಗಿಲ್ಲ, ಮನೆಯಲ್ಲಿ ನಾನೂ ಅಮ್ಮನೂ ಎಂದೆ. ಆಮೇಲೆ ಅವರು ಇಡ್ಲಿಯ ಸುದ್ದಿ ಎತ್ತಲಿಲ್ಲ. ಒಳ್ಳೆಯ ಮನುಷ್ಯರೇ. ಇಂದಿಗೂ ಹಾಗೇ ಹೇಳುತ್ತೇನೆ, ಹಲ್ಲು ಕಚ್ಚಿಕೊಂಡು.

ಎರಡು ಸುತ್ತಿನ ಫಲಿತಾಂಶ ತೋರಿಸಿದ ದಿನ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ್ದರು. ಇನ್ನೊಮ್ಮೆ ಓಡಿಸು ಎಂದರು. ಓಡಿಸಿದೆ, ಮತ್ತೆ ಎರಡು. ಛಲೋ ಆತು ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು. ನಾವಿಬ್ಬರೂ ಸೇರಿ ಒಂದು ಲೇಖನ ಬರೆದೆವು, ಅದು ಅಚ್ಚಾಯಿತು. ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು, ನಾನೇ ಅವರ ಕೊನೆಯ ವಿದ್ಯಾರ್ಥಿನಿ.

ಪ್ರಬಂಧ ಕೊಡಲು ಒಂದು ತಿಂಗಳು ಉಳಿದಿತ್ತು. ಬೇಸಿಗೆ ರಜೆಯಲ್ಲಿ ಕಾಲೇಜಿನವರು ಲ್ಯಾಬಿಗೆ ಹೊಸ ಕಂಪ್ಯೂಟರ್ ತಂದು ಹಾಕಿದ್ದರು. ಐದನೇ ಅಧ್ಯಾಯದ ಒಂದು ಚಿತ್ರದಲ್ಲಿ ಅಕ್ಷರ ಚಿಕ್ಕದಾಯಿತು, ಹೊಸದಾಗಿ ತೆಗೆದುಕೊಡು ಎಂದು ಗೈಡ್ ಹೇಳಿದ್ದರಿಂದ ಒಂದು ಭಾನುವಾರ ಹೋದೆ. ಪ್ರೋಗ್ರಾಮ್ ಮಾತ್ರ ಹೊಸ ಕಂಪ್ಯೂಟರುಗಳಿಗೆ ಹಾಕಿ ಓಡಿಸಿ, ಟಿಫಿನ್ ಡಬ್ಬಿ ಬಿಚ್ಚಿದೆ. ಎರಡು ಸುತ್ತಿಗೆ ನಿಲ್ಲಬೇಕಾದದ್ದು ಮೂರಕ್ಕೆ ಹೋಯಿತು. ನಾಲ್ಕು. ಏಳು. ಚಪಾತಿ ಕೈಯಲ್ಲೇ ಉಳಿಯಿತು. ಹದಿನಾರಕ್ಕೆ ನಿಂತಿತು.

ಹೊಸ ಕಂಪ್ಯೂಟರುಗಳ ಮೇಲೆ ಗೂಬೆ ಕೂರಿಸಿದೆ. ಲ್ಯಾಬ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಎಂಥ ಡಬ್ಬಾ ತಂದು ಹಾಕಿದ್ದೀರಿ ಎಂದು ಹಿಂದಿಯಲ್ಲಿ ರೇಗಿದೆ. ಪಾಪ, ಅವರು ಕ್ಷಮೆ ಕೇಳಿದರು. ಮೂರು ದಿನ ಕ್ಲಾಸು ಮುಗಿಸಿ ಲ್ಯಾಬಿಗೆ ಬಂದು, ಪ್ರೋಗ್ರಾಮಿನ ಪ್ರಿಂಟ್ ತೆಗೆದು ಒಂದೊಂದೇ ಸಾಲು ಓದಿದೆ. ಮೂರನೇ ದಿನ ಸಂಜೆ ಆ ಸಾಲು ಸಿಕ್ಕಿತು. ಹಳೆಯ ಫೈಲ್ ಇದ್ದರೆ ಅಲ್ಲಿಂದಲೇ ಎತ್ತಿಕೋ.

ಆದದ್ದು ಇಷ್ಟು. ಉತ್ತರ ಸರಿಯೋ ಎಂದು ತಾಳೆ ನೋಡಲು ನಾನು ಪ್ರತಿ ಸಲ ಮೊದಲು ಒಂದೇ ಕಂಪ್ಯೂಟರಿನಲ್ಲಿ ಪೂರ್ತಿ ಲೆಕ್ಕ ಓಡಿಸುತ್ತಿದ್ದೆ. ಅದು ತನ್ನ ಫೈಲನ್ನು ಬಿಟ್ಟುಹೋಗುತ್ತಿತ್ತು. ಆಮೇಲೆ ಹದಿನಾರನ್ನೂ ಓಡಿಸಿದಾಗ ಅವು ಒರಟು ಅಂದಾಜು ತೆಗೆದುಕೊಳ್ಳುವ ಬದಲು ಆ ಫೈಲನ್ನು ಕಂಡು, ಸರಿಯುತ್ತರದಿಂದಲೇ ಶುರುಮಾಡುತ್ತಿದ್ದವು. ಪರೀಕ್ಷೆಗೆ ಕೂತ ಹುಡುಗಿಯ ಡೆಸ್ಕಿನ ಮೇಲೆ ನಾನೇ ಸರಿಯುತ್ತರಗಳ ಹಾಳೆ ಇಟ್ಟು, ಎಷ್ಟು ಜಾಣೆ ಎಂದು ಮೂರು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಒಂದು ಸುತ್ತು ಉತ್ತರ ನಕಲು ಮಾಡಲು, ಇನ್ನೊಂದು ಸುತ್ತು ಏನೂ ಬದಲಾಗಲಿಲ್ಲ ಎಂದು ಖಚಿತಪಡಿಸಿಕೊಳ್ಳಲು. ಅದಕ್ಕೇ ಎರಡು. ಈ ಸಲ ಚಿತ್ರವಷ್ಟೇ ಬೇಕಾಗಿದ್ದರಿಂದ ತಾಳೆಯ ಲೆಕ್ಕ ಓಡಿಸಿರಲಿಲ್ಲ, ಹೊಸ ಕಂಪ್ಯೂಟರುಗಳಲ್ಲಿ ಹಳೆಯ ಫೈಲೂ ಇರಲಿಲ್ಲ. ನನ್ನ ಹೊಸ ರೀತಿ ಎಂಬುದು ಏನೂ ಇರಲಿಲ್ಲ.

ಎದೆ ಧಸಕ್ಕೆನ್ನಬೇಕಿತ್ತು, ಎನ್ನಲಿಲ್ಲ. ಕಂಪ್ಯೂಟರ್ ಆರಿಸಿದೆ, ಕುರ್ಚಿ ಒಳಗೆ ತಳ್ಳಿದೆ, ಫ್ಯಾನ್ ಆಫ್ ಮಾಡಿದೆ. ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ, ಜನ ನೂಕಿದ ಕಡೆ ಹೋಗಿ ಕಲ್ಯಾಣದ ಗಾಡಿ ಹತ್ತಿದೆ. ಮುಂಬ್ರಾದ ಹತ್ತಿರ ಗಾಡಿ ಸುಮಾರು ಹೊತ್ತು ನಿಂತಿತು. ಲೇಡೀಸ್ ಡಬ್ಬಿಯಲ್ಲಿ ಒಬ್ಬರು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಬಟಾಣಿ ಬಿಡಿಸುತ್ತಿದ್ದರು. ಅವರು ಕೊಟ್ಟ ನಾಲ್ಕು ಬಟಾಣಿ ತಿಂದೆ. ಮನೆಗೆ ಬಂದು ಅಕ್ಕಿ ತೊಳೆದಿಟ್ಟೆ. ಅಮ್ಮ, ಇವತ್ತು ಬೇಗ ಬಂದೆಯಲ್ಲ ಎಂದಳು. ಹೌದು ಎಂದೆ.

ಆಮೇಲೆ ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಹೇಳಲೋ ಬೇಡವೋ ಎಂದು ಒದ್ದಾಡಿದೆ ಎಂದರೆ ಅದು ನನ್ನ ಬಗ್ಗೆ ಒಳ್ಳೆಯ ಮಾತಾದೀತು. ನಾನು ಒದ್ದಾಡಲಿಲ್ಲ. ಪ್ರಬಂಧದ ಕಾಗುಣಿತ ತಿದ್ದಿದೆ, ಬೈಂಡಿಂಗಿನವನ ಹತ್ತಿರ ಹೋಗಿ ಮರೂನ್ ರಟ್ಟು ಆರಿಸಿದೆ, ಮಕ್ಕಳಿಗೆ ಪಾಠ ಹೇಳಿದೆ. ಹಲ್ಲಿನ ಡಾಕ್ಟರು ಚುಚ್ಚುಮದ್ದು ಕೊಟ್ಟ ಮೇಲೆ ತುಟಿ ನಮ್ಮದಲ್ಲ ಅನಿಸುತ್ತದಲ್ಲ, ಇಡೀ ಮೈ ಹಾಗಿತ್ತು. ಐದನೇ ಅಧ್ಯಾಯದ ಪುಟಗಳು ಬಂದಾಗ ಮಾತ್ರ ಅವುಗಳನ್ನು ಬೇಗ ಬೇಗ ಮಗುಚುತ್ತಿದ್ದೆ.

ಹನ್ನೆರಡನೇ ದಿನ ಗೈಡಿನ ಸಹಿ ಬೇಕಾಗಿತ್ತು. ಠಾಣೆಯ ಅವರ ಮನೆಗೆ ಹೋದೆ. ಬಾಗಿಲು ತೆರೆದವರೇ, ಇಷ್ಟು ಬಿಸಿಲಲ್ಲಿ ಯಾಕೆ ಬಂದೆ, ನಾನೇ ಕಾಲೇಜಿಗೆ ಬರುತ್ತಿದ್ದೆನಲ್ಲ ಎಂದರು. ಸಹಿಯ ಕಾಗದ ಚೀಲದಲ್ಲಿತ್ತು. ತೆಗೆಯಲು ಕೈ ಹಾಕಿದವಳು ಅದನ್ನು ಬಿಟ್ಟು, ಆ ಸಾಲು ಇದ್ದ ಹಾಳೆಯನ್ನೇ ತೆಗೆದು ಅವರ ಮುಂದಿಟ್ಟೆ. ನಡೆದದ್ದನ್ನು ಮೊದಲಿನಿಂದ ಹೇಳಿದೆ. ಒಂದೇ ದನಿಯಲ್ಲಿ, ಕ್ಲಾಸಿನಲ್ಲಿ ಹೇಳುವ ಹಾಗೆ.

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ಬೇಕಾಗಿರಲಿಲ್ಲ, ಒಂದೇ ಸಾಲು. ಆಮೇಲೆ ಮೆಲ್ಲಗೆ ಹೇಳಿದರು.

"ನನಗೂ ಅನುಮಾನ ಇತ್ತವಾ. ಎರಡ ಸುತ್ತು ಅಂದ್ರ ಭಾಳ ಕಡಿಮಿ ಆತು."

ಯಾವಾಗಿನಿಂದ ಎಂದು ಕೇಳಿದೆ. ಲೇಖನ ಅಚ್ಚಾಗುವ ಮೊದಲಿನಿಂದ ಎಂದರು. ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ ಎಂದೆ.

"ಕೇಳಿದ್ರ ನೀ ಹುಡುಕ್ತಿದ್ದಿ. ಹುಡುಕಿದ್ರ ಸಿಗ್ತಿತ್ತು."

ಅಷ್ಟೇ. ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಈಗ ಏನು ಮಾಡುವುದೆಂದು ನೀನೇ ಹೇಳು ಎಂದರು. ಹೀಗೇ ಕೊಟ್ಟರೆ ಯಾರೂ ಪ್ರೋಗ್ರಾಮ್ ಓಡಿಸಿ ನೋಡುವುದಿಲ್ಲವಂತೆ, ಇಷ್ಟು ವರ್ಷದಲ್ಲಿ ಯಾರೂ ಓಡಿಸಿದ್ದು ಅವರು ಕಂಡಿಲ್ಲವಂತೆ. ನಿಜ ಹೇಳುತ್ತೇನೆಂದರೆ ಅದೂ ಸರಿಯಂತೆ. ಎರಡಕ್ಕೂ ಸಹಿ ಮಾಡುತ್ತಾರಂತೆ.

ಆಗ ನನಗೆ ಸಿಟ್ಟು ಬಂತು. ಹನ್ನೆರಡು ದಿನದಲ್ಲಿ ನನಗೆ ಆದ ಮೊದಲ ಭಾವನೆ ಅದು. ಮೈಯೆಲ್ಲ ಉರಿಯಿತು. ತಪ್ಪು ನನ್ನದು, ಆ ಸಾಲು ಬರೆದವಳು ನಾನು, ಅವರದ್ದಲ್ಲ. ಆದರೂ ಅವರ ಆ ಎರಡು ಸಹಿಗಳ ಮಾತನ್ನು ನನಗೆ ತಡೆಯಲಾಗಲಿಲ್ಲ. ಅವರೆದುರು ಎಂದೂ ದನಿ ಏರಿಸಿದವಳಲ್ಲ, ಅಂದೂ ಏರಿಸಲಿಲ್ಲ.

"ಸರ್, ಆರು ವರ್ಷ ನಾನು ಭಾನುವಾರ ಭಾನುವಾರ ಬಂದಿದ್ದೇನೆ. ಒಂದು ಭಾನುವಾರ ನೀವು ಕೇಳಬಹುದಿತ್ತು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒರೆಸಲಿಲ್ಲ. ಅವರ ಹೆಂಡತಿ ಮಜ್ಜಿಗೆ ತಂದರು, ಕುಡಿಯದೆ ಏಳುವುದು ಸರಿಯಲ್ಲವೆಂದು ಕುಡಿದೆ. ಐದನೇ ಅಧ್ಯಾಯ ಬದಲಾಯಿಸುತ್ತೇನೆ, ಹದಿನಾರು ಎಂದು ಬರೆಯುತ್ತೇನೆ, ಅದಕ್ಕೆ ಸಹಿ ಹಾಕಿ ಎಂದು ಹೇಳಿ ಹೊರಟೆ. ಇದರಲ್ಲಿ ದೊಡ್ಡ ಸತ್ಯನಿಷ್ಠೆಯೇನೂ ಇಲ್ಲ. ಅವರು ನಿಜ ಹೇಳಬೇಡವೆಂದಿದ್ದರೆ ಬಹುಶಃ ಸುಮ್ಮನಾಗುತ್ತಿದ್ದೆ. ಹೇಳಲೇಬೇಕೆಂದಿದ್ದರೆ ಅವರ ಮಾತಿನಂತೆ ಹೇಳುತ್ತಿದ್ದೆ. ಎಲ್ಲವನ್ನೂ ನನ್ನ ತಲೆಗೇ ಕಟ್ಟಿದ್ದರಿಂದ, ಒಂದಾದರೂ ಕೆಲಸ ಸರಿಯಾಗಿ ಆಗಲಿ ಎಂಬ ಹಠ ಬಂತು.

ಪ್ರಬಂಧ ಕೊಡುವ ಮೊದಲು ಒಂದು ಸೆಮಿನಾರ್ ಇರುತ್ತದೆ. ಸಮಿತಿಯ ಮೂವರೆದುರು ಮಾಡಿದ್ದನ್ನೆಲ್ಲ ಹೇಳಬೇಕು, ಅವರು ಒಪ್ಪಿದರೆ ಮಾತ್ರ ಪ್ರಬಂಧ ಮುಂದೆ ಹೋಗುತ್ತದೆ. ಮೊದಲ ನಾಲ್ಕು ಅಧ್ಯಾಯ ಹೇಳಿದೆ. ಐದಕ್ಕೆ ಬಂದಾಗ ಎರಡು ಸುತ್ತಿನ ಹಳೆಯ ಚಿತ್ರ ತೋರಿಸಿ, ಇದು ತಪ್ಪು ಎಂದೆ. ಹದಿನಾರು ಸುತ್ತಿನ ಚಿತ್ರ ತೋರಿಸಿ, ಇದು ಸರಿ ಎಂದೆ. ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ಹಾಕಿದೆ. ಸಮಿತಿಯಲ್ಲಿದ್ದ ಇಬ್ಬರು ನನ್ನನ್ನು ನೋಡಲಿಲ್ಲ, ನನ್ನ ಗೈಡನ್ನು ನೋಡಿದರು. ಅವರು ನೆಲ ನೋಡುತ್ತಿದ್ದರು.

ಮೂರನೆಯವರು, ಹೊರಗಿನಿಂದ ಬಂದಿದ್ದ ಪರಿಣತೆ, ಅವರೊಬ್ಬರೇ ನನ್ನನ್ನು ಮಾತಾಡಿಸಿದ್ದು. ಬೈಯಲಿಲ್ಲ. ಹಾಗಾದರೆ ಈ ಪ್ರಬಂಧದಲ್ಲಿ ನಿಮ್ಮ ಕೊಡುಗೆ ಏನು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಏನೂ ಇಲ್ಲ, ಇದ್ದದ್ದು ಸುಳ್ಳಾಗಿತ್ತು ಎಂದೆ. ಅವರು ಪೆನ್ನು ಕೆಳಗಿಟ್ಟು, ನೀವು ಸ್ವಲ್ಪ ಹೊರಗೆ ಕೂತಿರಿ ಎಂದರು.

ಕಾರಿಡಾರಿನಲ್ಲಿ ಇಪ್ಪತ್ತು ನಿಮಿಷ ಕೂತಿದ್ದೆ. ಎದುರಿನ ನೋಟಿಸ್ ಬೋರ್ಡಿನಲ್ಲಿದ್ದದ್ದನ್ನೆಲ್ಲ ಓದಿ ಮುಗಿಸಿದೆ. ಗೈಡ್ ಹೊರಗೆ ಬಂದು, ಒಪ್ಪಲಿಲ್ಲ ಎಂದರು. ಅವಧಿ ಇನ್ನು ಮುಂದೂಡಲು ಬರುವುದಿಲ್ಲ. ಬೇಕಿದ್ದರೆ ಹೊಸ ವಿಷಯ, ಹೊಸ ಗೈಡ್, ಹೊಸ ನೋಂದಣಿ, ಮೊದಲಿನಿಂದ. ನಮ್ಮ ಲೇಖನವನ್ನು ಹಿಂತೆಗೆದುಕೊಳ್ಳಲು ಪತ್ರ ಬರೆದಿದ್ದೇನೆ, ತಪ್ಪು ನಮ್ಮಿಬ್ಬರದೂ ಎಂದು ಹಾಕಿದ್ದೇನೆ ಎಂದರು. ನನಗೆ ಒಳ್ಳೆಯದೂ ಅನಿಸಲಿಲ್ಲ, ಕೆಟ್ಟದ್ದೂ ಅನಿಸಲಿಲ್ಲ. ಬರುತ್ತೇನೆ ಸರ್ ಎಂದೆ.

ಮನೆಯಲ್ಲಿ ಅಮ್ಮ ಹರಿವೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಪಿಎಚ್‌ಡಿ ಆಗಲಿಲ್ಲ ಎಂದೆ. ಏಪ್ರಿಲಿನಲ್ಲಿ ಗುತ್ತಿಗೆ ಮುಗಿದ ಮೇಲೆ ಕೆಲಸವೂ ಇರಲಿಕ್ಕಿಲ್ಲ ಎಂದೂ ಒಟ್ಟಿಗೇ ಹೇಳಿಬಿಟ್ಟೆ. ತುಳುವಿನಲ್ಲಿ ಅವಳು ಕೇಳಿದ್ದು ಇಷ್ಟೇ: ತಪ್ಪಾಗಿದೆ ಎಂದು ಅವರಿಗೆ ಹೇಳಿದ್ದು ಯಾರು? ನಾನೇ ಎಂದೆ. ಒಂದು ಸಾಲಿಗಾಗಿಯಾ ಎಂದಳು. ಹೌದು ಎಂದೆ. ಅವಳು ಸೊಪ್ಪನ್ನು ಬಿಡಿಸಿ ಮುಗಿಸಿ, ದಂಟನ್ನು ಪೇಪರಿನಲ್ಲಿ ಸುತ್ತಿ, ಎದ್ದುಹೋದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಬಾ ಎಂದೂ ಕರೆಯಲಿಲ್ಲ, ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಮೂರನೇ ದಿನ ಬೆಳಿಗ್ಗೆ ಅವಳಿಗೆ ಒಂದು ಫೋನ್ ಬಂತು. ಅವಳ ಕಿವಿ ಮಂದ, ಫೋನಿನ ಸ್ಪೀಕರ್ ಹಾಕಿಯೇ ಮಾತಾಡುವುದು. ನಾನು ಅಡುಗೆಮನೆಯಲ್ಲಿ ದೋಸೆ ಎರೆಯುತ್ತಿದ್ದೆ, ಎರಡೂ ಕಡೆಯದ್ದು ಕೇಳಿಸಿತು. ಆ ಕಡೆ ಇದ್ದವರು ಇಲ್ಲಿನ ಕನ್ನಡ ಸಂಘವೊಂದರ ಕಾರ್ಯದರ್ಶಿ, ನಮ್ಮ ಕಡೆಯವರೇ. ನಮ್ಮವರಲ್ಲಿ ಯಾರು ಡಾಕ್ಟರೇಟ್ ಪಡೆದರೂ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವುದು ಆ ಸಂಘದ ರೂಢಿ. ನನಗೆ ಒಂದು ಮಾತೂ ಹೇಳದೆ ಅಮ್ಮ ಅಲ್ಲಿ ನನ್ನ ಹೆಸರು ಕೊಟ್ಟುಬಿಟ್ಟಿದ್ದಳು. ಆಮಂತ್ರಣ ಅಚ್ಚಿಗೆ ಹೋಗುತ್ತಿದೆ, ಹೆಸರಿನ ಮೊದಲು ಡಾ. ಹಾಕಿಯಾಗಿದೆ, ಒಂದು ಫೋಟೋ ಕಳಿಸಿ ಎಂದು ಅವರು ಕೇಳುತ್ತಿದ್ದರು.

ನಾನು ಸೌಟು ಹಿಡಿದುಕೊಂಡು ನಿಂತೆ. ಅಮ್ಮ ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಾಳೆ ಎಂದುಕೊಂಡೆ. ಮಗಳಿಗೆ ಹುಷಾರಿಲ್ಲ, ಮುಂದಿನ ವರ್ಷ ನೋಡೋಣ, ಇಂಥದ್ದೇನಾದರೂ. ನಾನಾಗಿದ್ದರೆ ಅದನ್ನೇ ಹೇಳುತ್ತಿದ್ದೆ.

"ಇಲ್ಲ ಮಾರಾಯ್ರೆ, ಅದು ಆಗ್ಲಿಲ್ಲ," ಎಂದಳು ಅಮ್ಮ. "ಲೆಕ್ಕ ತಪ್ಪಿತ್ತಂತೆ."

ಅವರು ಅಯ್ಯೋ ಎಂದು, ಪರೀಕ್ಷೆ ಮಾಡುವವರು ನಮ್ಮವರನ್ನು ಕಂಡರೆ ಹೀಗೇ, ಎಲ್ಲಾದರೂ ಒಂದು ಹುಳುಕು ಹುಡುಕುತ್ತಾರೆ, ನನಗೆ ಅಲ್ಲಿ ಗುರುತಿನವರಿದ್ದಾರೆ, ಒಂದು ಮಾತು ಹೇಳಿ ನೋಡಲಾ ಎಂದರು. ಬೇಡ, ಅವರು ಹಿಡಿದದ್ದಲ್ಲ, ಇವಳೇ ಹೋಗಿ ಹೇಳಿದ್ದು ಎಂದಳು ಅಮ್ಮ. ಅವರು ಗಂಟಲು ಸರಿಮಾಡಿಕೊಂಡು, ಹಾಗಾದರೆ ಕಾರ್ಡಿನಿಂದ ಹೆಸರು ತೆಗೆಸುತ್ತೇನೆ, ನೀವೇನೂ ಬೇಜಾರು ಮಾಡಿಕೊಳ್ಳಬೇಡಿ ಎಂದರು.

"ಡಾ. ತೆಗೀರಿ. ಸನ್ಮಾನವೂ ತೆಗೀರಿ. ಹೆಸರು ಎಂತಕ್ಕೆ ತೆಗೀಬೇಕು? ಅವಳು ಕದ್ದಿದ್ದಾಳಾ?"

ಅವರು ಹಾಗಲ್ಲ, ಹಾಗಲ್ಲ ಎಂದು ತಡವರಿಸಿದರು. ಸ್ವಾಗತ ಭಾಷಣಕ್ಕೆ ಯಾರು ಎಂದು ಅಮ್ಮ ಕೇಳಿದಳು. ಇನ್ನೂ ಯಾರೂ ಒಪ್ಪಿಲ್ಲ ಎಂದರು. ಹಾಗಾದರೆ ಅಲ್ಲಿ ಇವಳ ಹೆಸರು ಹಾಕಿ, ಬರೇ ಹೆಸರು ಎಂದು ಅಮ್ಮ ಹೇಳಿ, ಅವರು ಹೂಂ ಅನ್ನುವ ತನಕ ಕಾದು, ಫೋನ್ ಇಟ್ಟಳು.

ಕಾವಲಿಯ ಮೇಲೆ ದೋಸೆ ಕರಟಿತು. ನನಗೆ ಅಳು ಬಂತು. ಲ್ಯಾಬಿನಲ್ಲಿ ಬಾರದ್ದು, ಗೈಡಿನೆದುರು ಬಾರದ್ದು, ಆ ಕಾರಿಡಾರಿನಲ್ಲಿ ಬಾರದ್ದು ಎಲ್ಲ ಒಟ್ಟಿಗೆ ಬಂತು. ಸೌಟು ಹಿಡಿದುಕೊಂಡೇ ಗೋಡೆಗೆ ಒರಗಿ ದನಿ ತೆಗೆದು ಅತ್ತೆ. ಅಮ್ಮ ಒಳಗೆ ಬಂದು ಗ್ಯಾಸ್ ಆರಿಸಿದಳು. ಕರಟಿದ ದೋಸೆಯನ್ನು ಎಬ್ಬಿಸಿ ತೆಗೆಯುತ್ತಾ, ಸ್ವಾಗತಕ್ಕೆ ಎರಡೇ ನಿಮಿಷ, ಉದ್ದ ಎಳೆಯಬೇಡ ಎಂದಳು.